ಬೂದಿ ದಿಬ್ಬಕ್ಕೆ ಜೆಸಿಬಿ ಹಚ್ಚುವ ಮುಂಚೆ

ಪ್ರಶ್ನೆ: ಸರ್, ನಮಸ್ಕಾರ. ನಾವು ಸುರಪುರ ತಾಲ್ಲೂಕಿನವರು. ಹನ್ನೆರಡು ವರ್ಷದಿಂದ ಪುಣೆ ಪಕ್ಕದ ಚಿಂಚವಡದಲ್ಲಿದ್ದೇವೆ. ಆರನೇ ತರಗತಿ ಓದುವ ಮಗನ ಪಾಠದಲ್ಲಿ ಇನಾಮಗಾಂವ್ ಹೆಸರು ಬಂತು ಅಂತ ಹೋದ ಭಾನುವಾರ ಎಲ್ಲರೂ ಹೋಗಿ ಬಂದೆವು. ಅಲ್ಲಿ ಮೂರು ಸಾವಿರ ವರ್ಷ ಹಳೆಯ ಒಡ್ಡು, ಕಾಲುವೆ ಇವೆ ಅಂತ ಓದಿದ್ದೆ. ನೋಡಿದರೆ ಬರೀ ಮುಳ್ಳುಕಂಟಿ, ಏರುಪೇರು ಮಣ್ಣು. ಒಡ್ಡು ಎಲ್ಲಿ ಹೋಯಿತು? ಅದನ್ನು ನೀರಿಗಾಗಿ ಕಟ್ಟಿದ್ದೋ, ಊರಿನ ಕೋಟೆಯೋ? ಮಗ ಅಲ್ಲಿಂದ ಒಂದು ಮಡಿಕೆ ಚೂರು ಜೇಬಿಗೆ ಹಾಕಿಕೊಂಡು ಬಂದಿದ್ದಾನೆ. ಇಟ್ಟುಕೊಳ್ಳಬಹುದಾ? ಇನ್ನೊಂದು ಮಾತು. ಊರಲ್ಲಿ ನಮ್ಮ ಹೊಲಕ್ಕೆ ಹತ್ತಿಕೊಂಡು ಒಂದು ಬೂದಿ ದಿಬ್ಬ ಇದೆ. ಅಣ್ಣ ಜೆಸಿಬಿ ತರಿಸಿ ಆ ಬೂದಿಯನ್ನು ಹೊಲಕ್ಕೆ ಹಾಕಿಸಬೇಕು ಅಂತಿದ್ದಾನೆ. "ಬರೀ ಬೂದಿ ಅದ, ಯಾರಿಗೇನು ಲುಕ್ಸಾನು" ಅನ್ನುತ್ತಾನೆ. ಬೋರ್ಡು ಗೀರ್ಡು ಏನೂ ಇಲ್ಲ. ಹಾಕಿಸಬಹುದಾ?

ಉತ್ತರ: ಜೆಸಿಬಿ ವಿಷಯ ಮೊದಲು ಹೇಳಿಬಿಡುತ್ತೇನೆ. ಅದಕ್ಕೆ ಮುಂಗಡ ಕೊಟ್ಟಾಗಿದ್ದರೆ ಉಳಿದದ್ದು ಓದಿ ಪ್ರಯೋಜನವಿಲ್ಲ. ಇವತ್ತೇ ಅಣ್ಣನಿಗೆ ಫೋನ್ ಮಾಡಿ, ಸ್ವಲ್ಪ ತಡೆಯಲು ಹೇಳಿ. ಇತಿಹಾಸದ ಮಾತು ಎತ್ತಬೇಡಿ. ಇತಿಹಾಸ ಅಂದ ಕೂಡಲೇ ಅಣ್ಣಂದಿರು ಫೋನ್ ಇಟ್ಟುಬಿಡುತ್ತಾರೆ. ಗೊಬ್ಬರದ ಲೆಕ್ಕ ಹೇಳಿ. ಆ ದಿಬ್ಬ ಸಾವಿರಾರು ವರ್ಷದ ಹಿಂದೆ ಸುಟ್ಟ ದನದ ಸಗಣಿಯದು, ಅದರ ಕತೆ ಆಮೇಲೆ ಹೇಳುತ್ತೇನೆ. ಸಗಣಿ ಸುಟ್ಟು ಬೂದಿಯಾದಾಗ ಅದರಲ್ಲಿದ್ದ ಸಾರಜನಕ ಹೊಗೆಯ ಜೊತೆ ಹೋಗಿಬಿಡುತ್ತದೆ. ಉಳಿಯುವುದು ಸುಣ್ಣದ ಅಂಶ, ಒಂದಿಷ್ಟು ರಂಜಕ, ಪೊಟ್ಯಾಷ್. ನಿಮ್ಮ ಕಡೆಯ ಎರೆಭೂಮಿಯಲ್ಲಿ ಸುಣ್ಣ ಮೊದಲೇ ಜಾಸ್ತಿ, ಮಣ್ಣು ಕ್ಷಾರದ ಕಡೆಗೇ ಇರುತ್ತದೆ. ಅದರ ಮೇಲೆ ಲೋಡುಗಟ್ಟಲೆ ಬೂದಿ ಸುರಿದರೆ ಕ್ಷಾರ ಇನ್ನೂ ಏರಬಹುದು. ದಿಬ್ಬದ ಬೂದಿಯಲ್ಲಿ ಒಂದು ಪಾಲು ಕಾವಿಗೆ ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟ. ಅದು ಹೊಲದಲ್ಲಿ ಕರಗುವುದಿಲ್ಲ, ಕುಂಟೆಗೆ ಸಿಕ್ಕಿ ಕಿರಿಕಿರಿ ಮಾಡುತ್ತದೆ ಅಷ್ಟೇ. ನಂಬಿಕೆ ಬರದಿದ್ದರೆ ಮಣ್ಣಿನದೂ ಬೂದಿಯದೂ ಒಂದೊಂದು ಹಿಡಿ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಟ್ಟು ನೋಡಲಿ. ಜೆಸಿಬಿಯ ಒಂದು ತಾಸಿನ ಬಾಡಿಗೆಗಿಂತ ಅದು ಅಗ್ಗ.

ಇನ್ನು ಇನಾಮಗಾಂವ್‌ಗೆ ಬರೋಣ. ನಿಮಗೆ ಆದ ನಿರಾಸೆ ನನಗೂ ಆಗಿತ್ತು. ನಾನು ಅಲ್ಲಿಗೆ ಮೊದಲ ಸಲ ಹೋಗಿದ್ದು ಪುಣೆಯ ಯರವಡಾದ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ವದ ವಿದ್ಯಾರ್ಥಿಯಾಗಿದ್ದಾಗ. ಅಗೆತದ ಕೊನೆಯ ಸೀಸನ್‌ಗಳು ಅವು. ಬಿಜಾಪುರ ಕಡೆಯ ಹುಡುಗ ನಾನು. ಪ್ರಾಚೀನ ಅಂದರೆ ಗೋಳಗುಮ್ಮಟದಷ್ಟಾದರೂ ಎತ್ತರ ಇರಬೇಕು ಅಂತ ತಲೆಯಲ್ಲಿತ್ತು. ಘೋಡ್ ನದಿಯ ದಂಡೆಯಲ್ಲಿ ಇಳಿದು "ಊರು ಎಲ್ಲಿ?" ಅಂತ ಕೇಳಿದೆ. ಹಿರಿಯ ವಿದ್ಯಾರ್ಥಿಯೊಬ್ಬರು ನಕ್ಕು, "ಅದರ ಮೇಲೇ ನಿಂತಿದ್ದೀಯಲ್ಲೋ" ಅಂದರು.

ನೀವೂ ಅದರ ಮೇಲೆ ನಿಂತು ಬಂದಿದ್ದೀರಿ. ಇನಾಮಗಾಂವ್ ಪುಣೆಯಿಂದ ಪೂರ್ವಕ್ಕೆ ಸುಮಾರು 90 ಕಿಲೋಮೀಟರ್ ದೂರ, ಶಿರೂರು ತಾಲ್ಲೂಕಿನಲ್ಲಿದೆ. ಘೋಡ್ ಮುಂದೆ ಹೋಗಿ ನಮ್ಮ ಭೀಮಾ ನದಿಗೆ ಸೇರುತ್ತದೆ. ಅಂದರೆ ಆ ನೀರು ಕೊನೆಗೆ ನಿಮ್ಮ ಯಾದಗಿರಿ ಪಕ್ಕವೇ ಹಾಯುತ್ತದೆ. ಡೆಕ್ಕನ್ ಕಾಲೇಜಿನವರು ಇಲ್ಲಿ 1968ರಿಂದ 1983ರವರೆಗೆ ಅಗೆದರು. ಎಚ್.ಡಿ. ಸಾಂಕಳಿಯಾ, ಎಂ.ಕೆ. ಧವಳೀಕರ್, ಝಡ್.ಡಿ. ಅನ್ಸಾರಿ ಮುಖ್ಯರು. ಕಲ್ಲು-ತಾಮ್ರದ ಕಾಲದ ಒಂದು ರೈತಹಳ್ಳಿಯನ್ನು ಇಷ್ಟು ಅಗಲವಾಗಿ, ಇಷ್ಟು ತಾಳ್ಮೆಯಿಂದ ಬಿಚ್ಚಿ ನೋಡಿದ್ದು ನಮ್ಮ ದೇಶದಲ್ಲಿ ಬಹಳ ಕಡಿಮೆ. ನೂರಕ್ಕೂ ಹೆಚ್ಚು ಮನೆಗಳ ನೆಲ ಸಿಕ್ಕಿತು. ಜನ ಅಲ್ಲಿ ಸುಮಾರು ಕ್ರಿ.ಪೂ. 1600ರಿಂದ 700ರವರೆಗೆ ಬಾಳಿದರು. ಒಂಬೈನೂರು ವರ್ಷ! ಚಿಂಚವಡದ ನಿಮ್ಮ ಸೊಸೈಟಿಗೆ ಎಷ್ಟು ವರ್ಷ ಆಯಿತು ಹೇಳಿ.

ಒಡ್ಡು ಎಲ್ಲಿ ಹೋಯಿತು ಅಂತ ಕೇಳಿದ್ದೀರಿ. ಎಲ್ಲೂ ಹೋಗಿಲ್ಲ, ನೆಲದಡಿ ಇದೆ. ಕಲ್ಲಿನ ಗುಡಿಯಾದರೆ ಅಗೆದು ತೆಗೆದು ತೆರೆದಿಡಬಹುದು. ಮಣ್ಣಿನ ಕಟ್ಟಡಕ್ಕೆ ಗಾಳಿ, ಮಳೆ, ಬಿಸಿಲು ಮೂರೂ ಶತ್ರು. ಎರಡು ಮಳೆಗಾಲ ಬಿಟ್ಟರೆ ಅಂಚು ಕುಸಿಯುತ್ತದೆ, ನಾಲ್ಕಕ್ಕೆ ಅಲ್ಲಿ ಗುಂಡಿ ಮಾತ್ರ ಉಳಿಯುತ್ತದೆ. ಅದಕ್ಕೇ ಅಗೆದು, ಅಳೆದು, ಚಿತ್ರ ಬರೆದು, ಫೋಟೊ ತೆಗೆದ ಮೇಲೆ ಗುಂಡಿಗಳನ್ನು ಮತ್ತೆ ಮುಚ್ಚುವುದು ವಾಡಿಕೆ. ಹೂತಿಟ್ಟರೇ ಅದಕ್ಕೆ ಆಯುಸ್ಸು. ನೋಡಲು ಬಂದವರಿಗೆ ಬೇಜಾರಾಗುತ್ತದೆ, ನಿಜ. ಕನಿಷ್ಠ ಒಂದು ಒಳ್ಳೆಯ ಫಲಕ, ಒಂದು ನಕ್ಷೆ ಇದ್ದರೆ ಮಕ್ಕಳಿಗೆ ಎಷ್ಟೋ ಅರ್ಥವಾಗುತ್ತಿತ್ತು. ಇಂಥ ಜಾಗಗಳಲ್ಲಿ ಅಷ್ಟೂ ಮಾಡದಿರುವುದು ನನಗಂತೂ ಸರಿಕಾಣುವುದಿಲ್ಲ.

ನೀವು ನೋಡಿದ ಮುಳ್ಳುಕಂಟಿ ನಮ್ಮ ಬಳ್ಳಾರಿ ಜಾಲಿಯೇ ಇರಬೇಕು. ಮರಾಠಿಯವರು ವೇಡಿ ಬಾಭಳ್ ಅನ್ನುತ್ತಾರೆ, ಅಂದರೆ ಹುಚ್ಚು ಜಾಲಿ. ಪಾಳು ಜಾಗ ಕಂಡರೆ ಹಬ್ಬಿಬಿಡುತ್ತದೆ. ಅದರ ಬೇರು ಆಳಕ್ಕೆ ಇಳಿದು ಹಳೆಯ ನೆಲಗಳನ್ನು ಸೀಳುತ್ತದೆ. ಜೆಸಿಬಿಯಷ್ಟು ಅಲ್ಲ ಬಿಡಿ.

ಒಡ್ಡು ಇದ್ದದ್ದು ಹೀಗೆ. ಹಳ್ಳಿಯ ಅಂಚಿನಲ್ಲಿ ಸುಮಾರು 200 ಮೀಟರ್ ಉದ್ದದ ಒಂದು ಕಾಲುವೆ. 4 ಮೀಟರ್ ಅಗಲ, ಮೂರೂವರೆ ಮೀಟರ್ ಆಳ. ಅದರ ಜೊತೆಗೆ ಕಲ್ಲುಗುಂಡು, ಮಣ್ಣು ಸೇರಿಸಿ ಎಬ್ಬಿಸಿದ ಸುಮಾರು 240 ಮೀಟರ್ ಉದ್ದ, ಎರಡು ಮೀಟರ್ ಮೇಲೆ ಚೂರು ಅಗಲದ ಒಡ್ಡು. ಬಾಯಲ್ಲಿ ಹೇಳಿದರೆ ಸಣ್ಣದು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಕಾಲುವೆಯ ಪಕ್ಕಗಳು ನೇರ ಅಂತ ಹಿಡಿದರೆ 2800 ಘನ ಮೀಟರ್ ಮಣ್ಣು. ಒಂದು ಟಿಪ್ಪರಿಗೆ ಹತ್ತು ಘನ ಮೀಟರ್ ಅಂದರೂ 280 ಲೋಡು. ಆಗ ಆ ಊರಲ್ಲಿ ಕಬ್ಬಿಣ ಇರಲಿಲ್ಲ. ತಾಮ್ರ ಇತ್ತು, ಅದೂ ತುಟ್ಟಿ ಮಾಲು. ಕಲ್ಲಿನ ಚೂರಿ, ಅಗೆಯುವ ಕೋಲು, ಬುಟ್ಟಿ, ತಲೆ, ಇಷ್ಟರಲ್ಲೇ ಆದ ಕೆಲಸ. ನಿಮ್ಮಣ್ಣನಿಗೆ ಇದನ್ನೂ ಹೇಳಿ. ಜೆಸಿಬಿಯವನಿಗೆ ನಾಲ್ಕೈದು ದಿನದ ಕೆಲಸ ಅದು, ಅವರಿಗೆ ಎಷ್ಟು ಬೇಸಿಗೆ ಹಿಡಿದವೋ.

ನೀರಿಗೋ ಕೋಟೆಗೋ? ಅಗೆದವರು ಹೇಳಿದ್ದು ನೀರಿಗೆ ಅಂತ. ನದಿ ತುಂಬಿ ಬಂದಾಗ ನೀರನ್ನು ಕಾಲುವೆಗೆ ತಿರುಗಿಸುವುದು, ಒಡ್ಡು ಊರನ್ನು ಪ್ರವಾಹದಿಂದ ಕಾಯುವುದು. ಇದಕ್ಕೆ ಅವರು ಕೊಟ್ಟ ಒಂದು ಕಾರಣ ನನಗೆ ಬಹಳ ಇಷ್ಟ. ಸುಟ್ಟ ಕಾಳುಗಳಲ್ಲಿ ಜವೆಗೋಧಿ, ಹುರುಳಿ, ಮಸೂರ, ಬಟಾಣಿ ಜಾತಿಯ ಕಾಳುಗಳ ಜೊತೆ ಗೋಧಿಯೂ ಸಿಕ್ಕಿತು. ಶಿರೂರು ಮಳೆನೆರಳಿನ ಪ್ರದೇಶ, ಸಹ್ಯಾದ್ರಿ ದಾಟಿದ ಮೋಡಗಳಲ್ಲಿ ಏನೂ ಉಳಿದಿರುವುದಿಲ್ಲ. ಹುರುಳಿ ಹೇಗೋ ಬದುಕುತ್ತದೆ. ಗೋಧಿ ಚಳಿಗಾಲದ ಬೆಳೆ, ಅದಕ್ಕೆ ನೀರು ಬೇಕೇ ಬೇಕು. ಗೋಧಿ ಬೆಳೆದಿದ್ದಾರೆ ಅಂದ ಮೇಲೆ ನೀರು ಹಾಯಿಸಿದ್ದಾರೆ ಅನ್ನುವುದು ರೈತರ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಕಾಲುವೆ, ಒಡ್ಡು ಕ್ರಿ.ಪೂ. 1400ರಿಂದ 1000ದ ನಡುವಿನವು. ಅದು ಆ ಹಳ್ಳಿಯ ಸುಗ್ಗಿಯ ಕಾಲ. ಆಯತಾಕಾರದ ದೊಡ್ಡ ಮನೆಗಳು, ಸಾಲಾಗಿ. ಮಧ್ಯೆ ಐದು ಕೋಣೆಯ ಒಂದು ಮನೆ, ಅದರ ಪಕ್ಕದಲ್ಲೇ ಕಣಜ. ಅಲ್ಲಿದ್ದವನು ಊರಗೌಡ, ಕಾಲುವೆಯ ನೀರು ಹಂಚುವುದೂ ಕಣಜದ ಕಾಳು ಹಂಚುವುದೂ ಅವನ ಕೈಯಲ್ಲಿತ್ತು ಅಂತ ಧವಳೀಕರ್ ವಾದಿಸಿದರು. ಒಡ್ಡು ಕೋಟೆಯ ಕೆಲಸವನ್ನೂ ಮಾಡಿರಬಹುದು. ಅದರಲ್ಲಿ ನನಗೆ ವಿರೋಧ ಕಾಣುವುದಿಲ್ಲ. ನೀರು ತಡೆಯುವ ಗೋಡೆ ದನಗಳ್ಳರನ್ನೂ ತಡೆಯುತ್ತದೆ.

ಮಗನಿಗೆ ಹೇಳಲು ಒಂದು ಕತೆ ಕೊಡುತ್ತೇನೆ. ಬಹುಶಃ ಅವನ ಪಾಠದಲ್ಲೇ ಇದೆ. ಅಲ್ಲಿ ದೊಡ್ಡವರು ಸತ್ತರೆ ಮನೆಯ ನೆಲದಲ್ಲೇ, ತಲೆ ಉತ್ತರಕ್ಕಿಟ್ಟು ಹೂಳುತ್ತಿದ್ದರು, ಪಾದ ಕತ್ತರಿಸಿ. ಸತ್ತವರು ಎದ್ದು ನಡೆದು ಹೋಗಬಾರದು ಅಂತ ಇರಬಹುದು. ಮಕ್ಕಳನ್ನು ಎರಡು ಮಡಿಕೆಗಳ ಬಾಯಿಗೆ ಬಾಯಿ ಜೋಡಿಸಿ ಒಳಗೆ ಮಲಗಿಸುತ್ತಿದ್ದರು. ಆದರೆ ಆ ಐದು ಕೋಣೆಯ ಮನೆಯ ಅಂಗಳದಲ್ಲಿ ಒಬ್ಬ ಮನುಷ್ಯ ನಾಲ್ಕು ಕಾಲಿನ ದೊಡ್ಡ ಮಣ್ಣಿನ ಗುಡಾಣದೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ಪಾದ ಯಾರೂ ಕತ್ತರಿಸಿರಲಿಲ್ಲ. ಗೌಡರ ಪಾದ ಮುಟ್ಟುವವರು ಯಾರು!

ಈಗ ಮುಖ್ಯ ವಿಷಯ. ಇಷ್ಟೆಲ್ಲ ಗೊತ್ತಾಗಿದ್ದು ಹೇಗೆ? ಮಡಿಕೆಯಿಂದಲ್ಲ, ಎಲುಬಿನಿಂದಲ್ಲ. ಯಾವುದರ ಕೆಳಗೆ ಯಾವುದಿತ್ತು ಅನ್ನುವುದರಿಂದ. ನಿಮ್ಮ ಮನೆಯ ಹಳೇ ಪೇಪರಿನ ಅಟ್ಟಿ ಇದೆಯಲ್ಲ, ಕೆಳಗಿನದು ಜನವರಿಯದು, ಮೇಲಿನದು ಡಿಸೆಂಬರಿನದು. ಯಾರೂ ದಿನಾಂಕ ನೋಡಬೇಕಿಲ್ಲ. ದಿಬ್ಬವೂ ಹಾಗೇ. ಒಂದು ಮನೆ ಬಿದ್ದು ಅದರ ಮೇಲೆ ಇನ್ನೊಂದು, ಅದರ ಮೇಲೆ ಬೂದಿ, ಅದರ ಮೇಲೆ ಹೊಳೆಯ ಮೆಕ್ಕಲು. ಪ್ರತಿ ಪದರದ ಬಣ್ಣ, ಗಡಸು, ವಾಸನೆ ಕೂಡ ಬೇರೆ. ಹಸಿ ಪದರದ ಮೇಲೆ ಕರಣೆಯಿಂದ ಗೀರಿದರೆ ಗಡಿ ಎದ್ದು ಕಾಣುತ್ತದೆ. ಮನುಷ್ಯ ತೋಡಿದ ಕಾಲುವೆಯಾದರೆ ಹಳೆಯ ಪದರಗಳನ್ನು ಕಡಿದು ಇಳಿದಿರುತ್ತದೆ, ಅದರ ಹೊಟ್ಟೆಯಲ್ಲಿ ನೀರು ತಂದ ನಯವಾದ ಹೂಳು ಹಾಳೆ ಹಾಳೆಯಾಗಿ ಕೂತಿರುತ್ತದೆ. ಆ ಹೂಳಿನಲ್ಲಿ ಬಿದ್ದ ಮಡಿಕೆ ಚೂರು ಕಾಲುವೆ ಯಾವಾಗ ಹರಿಯಿತು ಅಂತ ಹೇಳುತ್ತದೆ. ಸುಟ್ಟ ಕಾಳು ಹುಡುಕಬೇಕಾದರೆ ಆಯಾ ಪದರದ ಮಣ್ಣನ್ನು ನೀರಿನ ತೊಟ್ಟಿಗೆ ಹಾಕಿ ಕಲಕುತ್ತೇವೆ. ಇದ್ದಿಲಾದ ಕಾಳು ಹಗುರ, ತೇಲಿ ಬರುತ್ತದೆ. ಜರಡಿಯಲ್ಲಿ ಹಿಡಿದು ನೆರಳಲ್ಲಿ ಒಣಗಿಸುವುದು. ಅದೇ ಇದ್ದಿಲನ್ನು ರೇಡಿಯೊ ಕಾರ್ಬನ್ ಪರೀಕ್ಷೆಗೆ ಕಳಿಸಿದರೆ ವರ್ಷ ಸಿಗುತ್ತದೆ. ಪದರ ಕಲಸಿದರೆ ಇದೊಂದೂ ಆಗುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಮೂವತ್ತು ವರ್ಷದ ಹಿಂದೆ ಭೀಮಾ ದಂಡೆಯ ಒಂದು ಹಳ್ಳಿಗೆ ಹೋಗಿದ್ದೆ. ಹಿಂದಿನ ವರ್ಷ ನೋಡಿ ಗುರುತು ಹಾಕಿದ್ದ ದಿಬ್ಬ ಈಗ ನೆಲಸಮವಾಗಿತ್ತು. ಹೊಲದವರು ಒಳ್ಳೆಯ ಜನ. ನಮಗೆ ಬೇಕಾಗುತ್ತದೆ ಅಂತ ಸಿಕ್ಕಿದ ಮಡಿಕೆ ಚೂರನ್ನೆಲ್ಲ ಮೂರು ಗೋಣಿಚೀಲದಲ್ಲಿ ತುಂಬಿ ದನದ ಕೊಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಚಹಾ ಕೊಟ್ಟು, ಚೀಲ ತೋರಿಸಿದರು. "ಸಗಳಾ ಠೇವಲಾ ಆಹೇ ಸಾಹೇಬ್, ಕಾಹೀ ಫೇಕಲಾ ನಾಹೀ." ಎಲ್ಲ ಇಟ್ಟಿದ್ದೇವೆ, ಏನೂ ಎಸೆದಿಲ್ಲ ಅಂತ. ಏನು ಹೇಳಲಿ? ಚೀಲ ಸುರುವಿ ಕೂತೆ. ಸಾವಿರ ವರ್ಷದ ಅಂತರದ ಚೂರುಗಳು ಒಂದೇ ರಾಶಿಯಲ್ಲಿ. ಒಂದು ಪುಸ್ತಕದ ಅಕ್ಷರಗಳನ್ನೆಲ್ಲ ಬಿಡಿಬಿಡಿಯಾಗಿ ಕತ್ತರಿಸಿ ಚೀಲಕ್ಕೆ ತುಂಬಿ ಕೊಟ್ಟ ಹಾಗೆ. ಒಂದಕ್ಷರವೂ ಕಳೆದಿರಲಿಲ್ಲ.

ಬೆಲೆಬಾಳುವ ವಸ್ತು ಸಿಕ್ಕರೂ ಇದೇ ಪಾಡು. 1974ರಲ್ಲಿ ಪ್ರವರಾ ನದಿಯ ದೈಮಾಬಾದ್‌ನಲ್ಲಿ ಒಬ್ಬ ರೈತನಿಗೆ ಅಗೆಯುವಾಗ ನಾಲ್ಕು ಕಂಚಿನ ಬೊಂಬೆ ಸಿಕ್ಕವು. ಗಾಡಿ ಹೊಡೆಯುವ ಮನುಷ್ಯ, ಆನೆ, ಖಡ್ಗಮೃಗ, ಕೋಣ. ಎಲ್ಲ ಸೇರಿ 60 ಕಿಲೋ ಮೇಲೆ. ದೇಶವೇ ಬೆರಗಾಯಿತು. ಆದರೆ ಅವು ಪುರಾತತ್ವದವರ ಗುಂಡಿಯಲ್ಲಿ ಸಿಕ್ಕಿದ್ದಲ್ಲ, ಯಾವ ಪದರದವು ಅಂತ ಕಣ್ಣಾರೆ ಕಂಡವರಿಲ್ಲ. ಹೀಗಾಗಿ ಅವುಗಳ ಕಾಲ ಯಾವುದು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಅದೇ ಒಂದು ಅಡಿ ಮಣ್ಣಿನ ಸಮೇತ ಸಿಕ್ಕಿದ್ದರೆ ಜಗಳವೇ ಇರುತ್ತಿರಲಿಲ್ಲ.

ಈಗ ನಿಮ್ಮ ಊರಿನ ಬೂದಿ ದಿಬ್ಬ. ನೀವು ಪತ್ರದ ಕೊನೆಗೆ 'ಇನ್ನೊಂದು ಮಾತು' ಅಂತ ಬರೆದಿದ್ದೀರಿ. ನನಗೆ ಅದೇ ಮೊದಲ ಮಾತು.

ನಿಮ್ಮ ಸುರಪುರ, ರಾಯಚೂರು, ಕೊಪ್ಪಳ, ಬಳ್ಳಾರಿ, ಅಲ್ಲಿಂದ ಆಂಧ್ರ-ತೆಲಂಗಾಣದ ಗಡಿಯವರೆಗೆ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು ಇವೆ. ಜನ ಒಂದೊಂದಕ್ಕೂ ಕತೆ ಕಟ್ಟಿದ್ದಾರೆ. ಹಂಪಿ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಬೇರೆ ಕಡೆ ರಾಕ್ಷಸರ ಎಲುಬಿನ ಬೂದಿ. ಓದಿದವರ ಕತೆಗಳೂ ಕಮ್ಮಿ ಇರಲಿಲ್ಲ. ಸುಮಾರು ನೂರೆಂಬತ್ತು ವರ್ಷದ ಹಿಂದೆ ನ್ಯೂಬೋಲ್ಡ್ ಎಂಬ ಇಂಗ್ಲಿಷ್ ಅಧಿಕಾರಿ ಬಳ್ಳಾರಿ ಪಕ್ಕದ ಕುಡತಿನಿಯ ದಿಬ್ಬದ ಬಗ್ಗೆ ಬರೆದ. ಆಮೇಲೆ ಜ್ವಾಲಾಮುಖಿ ಅಂದವರುಂಟು, ಲೋಹ ಕರಗಿಸಿದ ಕುಲುಮೆ ಅಂದವರುಂಟು, ಹೆಣ ಸುಟ್ಟದ್ದು ಅಂದವರುಂಟು. ಸರಿಯಾದ ಜಾಡು ಹಿಡಿದದ್ದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್: ಇದು ದನದ ಸಗಣಿ ಅಂದ. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಪಕ್ಕಾ ಆಯಿತು. ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಸಿಕ್ಕವು. ಸುತ್ತ ಕಂಬ ನೆಟ್ಟ ಗುಳಿಗಳು. ಅಂದರೆ ದೊಡ್ಡ ದೊಡ್ಡಿ. ವರ್ಷಗಟ್ಟಲೆ ದನ ಕೂಡುವುದು, ಸಗಣಿ ಆಳುದ್ದ ಆಗುವುದು, ಒಂದು ದಿನ ಬೆಂಕಿ ಹಚ್ಚುವುದು, ಮತ್ತೆ ಅದರ ಮೇಲೇ ದನ ಕೂಡುವುದು. ಯಾಕೆ ಸುಟ್ಟರು? ಹಳೇ ಮೈಸೂರು ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಅಂಥ ಹಬ್ಬದ ಬೆಂಕಿ ಇರಬಹುದು ಅಂತ ಆಲ್ಚಿನ್ ಊಹೆ. ಬೇನೆ ಬಂದಾಗ ದೊಡ್ಡಿ ಶುದ್ಧ ಮಾಡಲು ಸುಟ್ಟಿರಬಹುದು ಅಂತಲೂ ಹೇಳುತ್ತಾರೆ. ನನಗೆ ಎರಡೂ ಒಪ್ಪಿಗೆ. ಹಬ್ಬ, ಬೇನೆ ಎರಡೂ ನಮ್ಮಲ್ಲಿ ದೂರ ದೂರದ ವಿಷಯವಲ್ಲ.

ನಿಮ್ಮ ತಾಲ್ಲೂಕಿಗೂ ಪುಣೆಗೂ ಒಂದು ನಂಟಿದೆ, ಅದು ಕೆಲಸ ಹುಡುಕಿ ಬಂದವರಿಗಿಂತ ಹಳೆಯದು. ಸುರಪುರ ತಾಲ್ಲೂಕಿನ ಬೂದಿಹಾಳದ ದಿಬ್ಬವನ್ನು 1990ರ ದಶಕದಲ್ಲಿ ಅಗೆದದ್ದು ಇದೇ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. ಹುಣಸಗಿ ಕಣಿವೆಯ ಹಳೆ ಶಿಲಾಯುಗದ ಮೇಲೂ ಅವರು ಆಯುಸ್ಸು ಕಳೆದರು. ಬೂದಿಹಾಳಕ್ಕೆ ಮುಂಚೆ ಎಲ್ಲರ ಕಣ್ಣು ಬೂದಿಯ ಮೇಲೇ ಇತ್ತು. ಪದ್ದಯ್ಯ ಅದರ ಪಕ್ಕದ ಸಮತಟ್ಟು ನೆಲವನ್ನೂ ಅಗೆದರು. ಅಲ್ಲಿ ಜನ ವಾಸ ಮಾಡಿದ ಜಾಗ ಸಿಕ್ಕಿತು. ಕಲ್ಲಿನ ಚೂರಿ ಮಾಡುವ ಕಮ್ಮಟ ಸಿಕ್ಕಿತು. ದನ ಕಡಿದು ಹಂಚಿಕೊಳ್ಳುತ್ತಿದ್ದ ನೆಲ ಸಿಕ್ಕಿತು. ಮಕ್ಕಳನ್ನು ಮಡಿಕೆಯಲ್ಲಿಟ್ಟು ಹೂತ ಗುಣಿಗಳು ಸಿಕ್ಕವು, ಇನಾಮಗಾಂವ್‌ನಲ್ಲಿ ಕಂಡ ಹಾಗೆಯೇ. ಅಂದರೆ ದಿಬ್ಬ ಒಂದು ಊರಿನ ಹಿತ್ತಲು ಮಾತ್ರ. ಊರು ಪಕ್ಕದಲ್ಲಿ, ಕಣ್ಣಿಗೆ ಬೀಳದ ಹಾಗೆ ಮಲಗಿರುತ್ತದೆ. ನಿಮ್ಮ ಹೊಲ ದಿಬ್ಬಕ್ಕೆ ಹತ್ತಿಕೊಂಡಿದೆ ಅಂದಿರಿ. ಹಾಗಾದರೆ ಅಣ್ಣ ವರ್ಷವೂ ಹರಗುವುದು ಬಹುಶಃ ಆ ಊರಿನ ಮೇಲೇ. ಕಲ್ಲಿನ ಕೊಡಲಿ ಸಿಕ್ಕಿರಬೇಕು ಕೇಳಿ ನೋಡಿ. ನಮ್ಮ ಕಡೆ ನುಣುಪಾದ ಅಂಥ ಕಲ್ಲುಗಳನ್ನು ಗುಡಿಯಲ್ಲೋ ಬೇವಿನ ಕಟ್ಟೆಯ ಮೇಲೋ ಇಟ್ಟಿರುತ್ತಾರೆ.

ಇವೆರಡೂ ಒಂದೇ ಜನವೇ? ಅಲ್ಲ. ಬೂದಿ ದಿಬ್ಬದವರು ಮುಖ್ಯವಾಗಿ ದನಗಾರರು, ಕ್ರಿ.ಪೂ. 3000ದಿಂದಲೇ ಇದ್ದವರು. ಇನಾಮಗಾಂವ್‌ದವರು ಅವರಿಗಿಂತ ತಡವಾಗಿ ಬಂದ ಬೇಸಾಯಗಾರರು. ಆದರೆ ಕೆಲವು ನೂರು ವರ್ಷ ಇಬ್ಬರೂ ಒಂದೇ ಕಾಲದಲ್ಲಿ, ಒಂದೇ ನದಿಯ ಜಾಲದಲ್ಲಿ ಬಾಳಿದರು. ಮಗುವಿಗೆ ಮಡಿಕೆಯ ತೊಟ್ಟಿಲು ಕಟ್ಟುವ ಪದ್ಧತಿ ಎರಡೂ ಕಡೆ ಸುಮ್ನೆ ಬಂದಿರಲಾರದು.

ಇನ್ನು ಕಾನೂನು. ಇದನ್ನು ಬೇಗ ಮುಗಿಸುತ್ತೇನೆ. ಬೋರ್ಡ್ ಇಲ್ಲ ಅಂದ ಮಾತ್ರಕ್ಕೆ ಸಂರಕ್ಷಿತ ಅಲ್ಲ ಅಂತ ಅರ್ಥವಲ್ಲ. ಬೋರ್ಡು ತುಕ್ಕು ಹಿಡಿದು ಬೀಳುತ್ತವೆ, ಗೆಜೆಟ್ ಬೀಳುವುದಿಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಪ್ರಕಾರ ಸಂರಕ್ಷಿತ ಅಂತ ಘೋಷಣೆಯಾದ ಜಾಗದಲ್ಲಿ ಜಾಗದ ಮಾಲೀಕನೂ ಅನುಮತಿ ಇಲ್ಲದೆ ಅಗೆಯುವಂತಿಲ್ಲ, ಮಣ್ಣು ತೆಗೆಯುವಂತಿಲ್ಲ. ಬೇಸಾಯಕ್ಕೆ ಅಡ್ಡಿಯಿಲ್ಲ, ಒಂದು ಅಡಿಗಿಂತ ಆಳಕ್ಕೆ ಹೋಗಬಾರದು ಅಷ್ಟೇ. 2010ರ ತಿದ್ದುಪಡಿಯ ನಂತರ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಸಂರಕ್ಷಿತ ಸ್ಮಾರಕವನ್ನು ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕರ್ನಾಟಕಕ್ಕೆ ತನ್ನದೇ 1961ರ ಕಾಯಿದೆ ಇದೆ, ಮಹಾರಾಷ್ಟ್ರಕ್ಕೆ 1960ರದ್ದು. ಘೋಷಣೆ ಆಗದ ದಿಬ್ಬಕ್ಕೆ ಈ ಕಾವಲು ಇಲ್ಲ. ಇದು ಕಾನೂನಿನ ದೊಡ್ಡ ತೂತು, ಬಹಳಷ್ಟು ಬೂದಿ ದಿಬ್ಬಗಳು ಆ ತೂತಿನಿಂದಲೇ ಟ್ರ್ಯಾಕ್ಟರ್ ಹತ್ತಿ ಹೋದವು.

ಅದಕ್ಕೇ ಮೊದಲು ಪಹಣಿ ತೆಗೆಸಿ ನೋಡಿ. ದಿಬ್ಬ ನಿಮ್ಮ ಸರ್ವೆ ನಂಬರಿನಲ್ಲಿದೆಯೋ, ಗಾಯರಾಣವೋ (ಊರ ಗೋಮಾಳ), ಖರಾಬಿನಲ್ಲಿ ಹಾಕಿದ್ದಾರೋ. ಸರ್ಕಾರಿ ಜಾಗವಾದರೆ ಒಂದು ಬುಟ್ಟಿ ಬೂದಿಯೂ ಅಣ್ಣನದಲ್ಲ, ಮಾತು ಅಲ್ಲಿಗೆ ಮುಗಿಯಿತು. ನಿಮ್ಮದೇ ಆದರೆ ಒಂದು ಅರ್ಜಿ ಬರೆದು ಪುರಾತತ್ವ ಇಲಾಖೆಗೂ ತಹಸೀಲ್ದಾರರಿಗೂ ಕೊಡಿ. ಊರು, ಸರ್ವೆ ನಂಬರು, ದಿಬ್ಬದ ಸುತ್ತಳತೆ, ನಾಲ್ಕು ಫೋಟೊ ಸಾಕು. ಅರ್ಜಿ ಕೊಟ್ಟರೆ ಹೊಲವೇ ಕೈಬಿಟ್ಟು ಹೋಗುತ್ತದೆ ಅಂತ ಊರಲ್ಲಿ ಹೆದರಿಸುತ್ತಾರೆ. ಹಾಗೆ ರಾತ್ರೋರಾತ್ರಿ ಆಗುವುದಿಲ್ಲ. ಕೇಂದ್ರ ಸರ್ಕಾರ ಒಂದು ಜಾಗವನ್ನು ಸಂರಕ್ಷಿತ ಮಾಡಬೇಕಾದರೆ ಮೊದಲು ನೋಟಿಸು ಹೊರಡಿಸಬೇಕು, ತಕರಾರು ಹೇಳಲು ಎರಡು ತಿಂಗಳು ಕೊಡಬೇಕು. ಅಣ್ಣ ಆಗ ಬಂದು ಎಷ್ಟು ಬೇಕಾದರೂ ಜಗಳ ಆಡಲಿ.

ದಿಬ್ಬದ ಪಕ್ಕ ಮಳೆಗೋ ಹಿಂದೆ ಯಾರೋ ಕಡಿದದ್ದಕ್ಕೋ ತೆರೆದುಕೊಂಡ ಗೋಡೆ ಇದ್ದೇ ಇರುತ್ತದೆ. ಅಣ್ಣನನ್ನು ಸಂಜೆ ಹೊತ್ತು ಓರೆ ಬಿಸಿಲಿನಲ್ಲಿ ಅದರ ಮುಂದೆ ನಿಲ್ಲಲು ಹೇಳಿ. ಬೂದುಬಣ್ಣ, ಬಿಳಿ, ನಡುವೆ ಗಾಜಿನಂಥ ಕಪ್ಪು ಗೆರೆ, ಮತ್ತೆ ಬಿಳಿ. ಒಂದೊಂದು ಗೆರೆ ಒಂದೊಂದು ಬೆಂಕಿ. ಎಣಿಸಲಿ. ದನ ಸಾಕಿದ ಮನೆತನದವನಾದರೆ ಅವನಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ, ಅಷ್ಟು ಸಗಣಿ ಕೂಡಲು ಎಷ್ಟು ದನ ಬೇಕು, ಎಷ್ಟು ವರ್ಷ ಬೇಕು ಅಂತ.

ಮಗನ ಚೂರು ಉಳಿಯಿತು. ಬೈಯಬೇಡಿ, ನಾನೂ ಆ ವಯಸ್ಸಿನಲ್ಲಿ ಅದನ್ನೇ ಮಾಡಿದ್ದೆ. ಆದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ವಾಪಸ್ ಹೋಗಿ ದಿಬ್ಬದ ಮೇಲೆ ಎಸೆಯಲೂ ಬೇಡಿ. ತಪ್ಪು ಜಾಗದಲ್ಲಿ ಬಿದ್ದ ಚೂರು ಇನ್ನೊಬ್ಬರಿಗೆ ಸುಳ್ಳು ಹೇಳುತ್ತದೆ. ಎಲ್ಲಿ ಎತ್ತಿದ, ಹೊಳೆ ಎಷ್ಟು ದೂರ ಇತ್ತು ಅಂತ ಮಗನ ಕೈಯಲ್ಲೇ ಒಂದು ಚೀಟಿ ಬರೆಸಿ ಚೂರಿನ ಜೊತೆ ಇಡಿ. ಬ್ರಷ್ಷಿನಿಂದ ಉಜ್ಜಬೇಡಿ, ಆಸಿಡ್ ಮುಟ್ಟಿಸಬೇಡಿ, ಅಂಟು ಹಚ್ಚಬೇಡಿ. ಕೆಂಪು ಅಥವಾ ಕಿತ್ತಳೆ ಬಣ್ಣದ ಮೇಲೆ ಕಪ್ಪು ಗೆರೆ ಇದ್ದು, ಉಗುರಿನಿಂದ ತಟ್ಟಿದರೆ ಠಣ್ ಅಂದರೆ ಅದು ಜೋರ್ವೆ ಮಡಿಕೆ ಇರಬೇಕು. ಸಂಗಮನೇರ ಹತ್ತಿರದ ಜೋರ್ವೆ ಅನ್ನುವ ಊರಿನಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು. ಗೆರೆಯಿಲ್ಲದೆ ದಪ್ಪಗೆ, ಬರೀ ಕೆಂಪಗಿದ್ದರೆ ಹೋದ ವರ್ಷ ಒಡೆದ ಯಾರದೋ ನೀರಿನ ಮಾಠವೂ ಆಗಿರಬಹುದು!

ಯರವಡಾದ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ವದ ಮ್ಯೂಸಿಯಂ ಇದೆ. ಚಿಂಚವಡದಿಂದ ಶಿರೂರಿನಷ್ಟು ದೂರ ಇಲ್ಲ. ತೆರೆದಿದೆಯೇ ಅಂತ ಫೋನ್ ಮಾಡಿ ಕೇಳಿ, ಮಗನನ್ನು ಕರೆದುಕೊಂಡು ಹೋಗಿ. ಇನಾಮಗಾಂವ್‌ನಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. ಚೂರು, ಚೀಟಿ ಎರಡನ್ನೂ ಅವನೇ ಅಲ್ಲಿನವರ ಕೈಗೆ ಕೊಡಲಿ. ಊರಿಂದ ದಿಬ್ಬದ ಫೋಟೊ ಬಂದರೆ ನನಗೂ ಕಳಿಸಿ. ಅಳತೆ ತಿಳಿಯಲು ಗೋಡೆಯ ಪಕ್ಕದಲ್ಲಿ ಒಂದು ಮೊಳದ ಕೋಲೋ ಕುಡಗೋಲೋ ಇಟ್ಟು ತೆಗೆಯಲು ಹೇಳಿ. ಅಣ್ಣನೇ ಅಡ್ಡ ನಿಂತರೆ ಗೆರೆಗಳು ಕಾಣುವುದಿಲ್ಲ.